ಬ್ಯಾಳಿ ಬಾವಿ

ಎರಡು ತಾಸು ಕುದ್ದರೂ ಬೇಳೆ ಕರಗಲಿಲ್ಲ. ಅನಸುಬಾಯಿ ಸೌಟಿನಿಂದ ನಾಲ್ಕು ಕಾಳು ಎತ್ತಿ, ಉಫ್ ಎಂದು ಊದಿ, ಬೆರಳ ನಡುವೆ ಹಿಚುಕಿ ನೋಡಿದಳು. ಕಾಳು ಚಿಮ್ಮಿ ಹೋಗಿ ಶಿವಕಾಂತಮ್ಮನ ರೊಟ್ಟಿ ಹಿಟ್ಟಿನಲ್ಲಿ ಬಿತ್ತು. ತೊಗರಿ ಬೆಳೆಯುವ ಸೀಮೆಯಲ್ಲಿ ಕೂತು ತೊಗರಿಬೇಳೆ ಬೇಯುವುದಿಲ್ಲ ಅಂದರೆ ಯಾರ ಮುಂದೆ ಹೇಳಿಕೊಳ್ಳೋಣ! ಅದೂ ಒಂದು ದಿನವಲ್ಲ, ಇವತ್ತಿಗೆ ನಾಲ್ಕನೇ ದಿನ.

"ಒಲಿ ಜೋರ್ ಮಾಡು, ಶಿವಕಾಂತಮ್ಮ."

"ಇನ್ನೆಷ್ಟ್ ಜೋರ್ ಮಾಡ್ಲಿ ಅಕ್ಕಾ? ನನ್ನ ಹುಬ್ಬೇ ಸುಡ್ಲಿಕತ್ತಾವ," ಎಂದಳು ರೊಟ್ಟಿ ಬಡಿಯುತ್ತಿದ್ದ ಶಿವಕಾಂತಮ್ಮ. "ಬಣ್ಣ ಬ್ಯಾರೆ ನೋಡ್ರಿ. ನಾ ಹಾಕಿದ್ದು ಅರಿಶಿಣ, ಆಗಿದ್ದು ಕೆಂಪು."

ಹನ್ನೆರಡೂವರೆಗೆ ಖಣಿಯ ಆಳುಗಳು ಬಂದು ಪಂಕ್ತಿಗೆ ಕೂತರು. ಶಹಾಬಾದಿನ ಹಳೇ ಖಣಿ ಓಣಿಯಲ್ಲಿ ಅನಸುಬಾಯಿಯ ಖಾನಾವಳಿ ಅಂದರೆ ಸಾಮಾನ್ಯವೇ? ನಲವತ್ತು ಮಂದಿಯ ಊಟ. ಬೆಳಗಿನಿಂದ ಫರಸಿಕಲ್ಲು ಎಬ್ಬಿಸಿ ಬಂದವರಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಣ್ಣೆಯ ಹಾಗೆ ಕರಗಿದ ಬೇಳೆ. ಆ ಬೇಳೆಗಾಗಿಯೇ ಅವರು ಸ್ಟೇಷನ್ ಬಳಿಯ ಹೋಟೆಲು ದಾಟಿ ಇಷ್ಟು ದೂರ ನಡೆದು ಬರುತ್ತಿದ್ದರು. ಇವತ್ತು ಅವರ ಮುಕಾದಮ ಭೀಮಶ್ಯಾ ಒಂದು ತುತ್ತು ಬಾಯಿಗಿಟ್ಟು, ಕಟುಂ ಎನಿಸಿ, ದವಡೆ ಹಿಡಿದುಕೊಂಡ.

"ಅನಸಕ್ಕಾ, ಖಣ್ಯಾಗ ಕಲ್ಲ ಒಡದು ಬಂದೀವಿ. ಇಲ್ಲೂ ಕಲ್ಲ ಒಡೀಬೇಕೇನು?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅನಸುಬಾಯಿಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಗಂಡ ಸತ್ತ ಹದಿಮೂರು ವರ್ಷದಲ್ಲಿ ಅವಳ ಅಡುಗೆಗೆ ಯಾರೂ ಹೀಗೆ ನಕ್ಕಿರಲಿಲ್ಲ.

ಅನಸುಬಾಯಿಗೆ ಮೊದಲಿನಿಂದಲೂ ಸಂಶಯ ಒಂದು ಹಿಡಿ ಜಾಸ್ತಿ. ಖಾನಾವಳಿ ನಡೆಸುವವಳಿಗೆ ಅದು ಬೇಕೂ ಬೇಕು ಅನ್ನಿ. ಕಟ್ಟಿಗೆಯವನು ಮೇಲೆ ಒಣಗಿದ್ದು ಇಟ್ಟು ಕೆಳಗೆ ಹಸಿಯದು ತುರುಕಿದನೇ, ಮಜ್ಜಿಗೆಯವಳು ಬರುವಾಗ ನಳದ ಮುಂದೆ ನಿಂತಳೇ, ನಾಲ್ಕು ರೊಟ್ಟಿ ತಿಂದವನು ಮೂರು ಅಂದನೇ, ಇದನ್ನೆಲ್ಲ ನೋಡದಿದ್ದರೆ ಒಲೆ ಉರಿಯುವುದು ಹೇಗೆ? ಅಂಥವಳಿಗೆ ಈಗ ಬೇಳೆಯ ಮೇಲೆ ಸಂಶಯ ಬಂತು. ಬೇಳೆಯ ಮೇಲೆ ಬಂದದ್ದು ಬೇಳೆ ಕೊಟ್ಟವನ ಮೇಲೆ ಹೋಗಲಿಕ್ಕೆ ಎಷ್ಟು ಹೊತ್ತು? ಪಾತ್ರೆ ಇಳಿಸಿದವಳೇ, ಒಂದು ಬಟ್ಟಲು ಬೇಳೆ, ಒಂದು ಚೀಟಿ ಅರಿಶಿಣ ಸೆರಗಿಗೆ ಕಟ್ಟಿಕೊಂಡು ಬಜಾರಕ್ಕೆ ನಡೆದಳು.

ಬಜಾರದ ಮೂಲೆಯ ಕಿರಾಣಿ ಅಂಗಡಿ ಹಾಜಿಮಲಂಗನದು. ಅವನ ಕೈಯಿಂದ ಇಪ್ಪತ್ತು ವರ್ಷದಿಂದ ಸಾಮಾನು ಬರುತ್ತಿತ್ತು. ಅವಳ ಗಂಡ ಕಲ್ಲಿನ ಧೂಳಿಗೆ ಕೆಮ್ಮಿ ಕೆಮ್ಮಿ ಸತ್ತಾಗ, ಮೂರನೇ ದಿನ ಕೇಳದೆಯೇ ಒಂದು ಚೀಲ ಜೋಳ ಮನೆ ಮುಂದೆ ಇಳಿಸಿ ಹೋಗಿದ್ದವನೂ ಅವನೇ. ಅದೆಲ್ಲ ಅವಳಿಗೆ ದಾರಿಯಲ್ಲಿ ನೆನಪಾಗಲಿಲ್ಲವೇ? ಆಯಿತು. ಆದರೆ ಭೀಮಶ್ಯಾನ ದವಡೆ ಅದಕ್ಕಿಂತ ಮುಂಚೆ ನೆನಪಾಯಿತು.

"ಭಾಯಿ, ಈ ಬ್ಯಾಳಿ ಎಲ್ಲಿಂದ ತಂದೀರಿ?"

"ಎಲ್ಲಿಂದ ಅಂದ್ರ? ಸೇಡಂ ಕಡಿಂದ, ಯಾವಾಗ್ಲೂ ತರೋ ಜಾಗಾದಿಂದ. ಯಾಕ ತಂಗಿ?"

"ಬೇಯ್ಲಿಕ್ಕ ಒಲ್ಲದು. ಅರಿಶಿಣ ಹಾಕಿದ್ರ ಕೆಂಪಗಾಗ್ತದ. ಏನ್ ಕಲಸೀರಿ ಇದರಾಗ?"

ಅಂಗಡಿಯ ಬಾಕಿನ ಮೇಲೆ ಐದಾರು ಮಂದಿ ಕೂತಿದ್ದರು. ಎಲ್ಲರೂ ಈ ಕಡೆ ತಿರುಗಿದರು. ಹಾಜಿಮಲಂಗ್ ಬೇಳೆ ತೆಗೆದುಕೊಂಡು ಹಲ್ಲಿನಿಂದ ಕಡಿದ, ಅರಿಶಿಣ ಮೂಸಿದ. "ತೋಬಾ ತೋಬಾ. ಮಾಲು ಹೊಸಾದು ತಂಗಿ. ಇದೇ ಬ್ಯಾಳಿ ನಮ್ಮ ಮನ್ಯಾಗ ನದಿ ನೀರಾಗ ಬೇಯ್ಲಿಕತ್ತದ, ಒಳಗ ಹೋಗಿ ನೋಡು. ನೀರೊಮ್ಮೆ ನೋಡಬಾರ್ದೇನು?"

ಆಡಬಾರದ ಮಾತು ಅದೊಂದೇ ಇತ್ತು, ಅದನ್ನೇ ಆಡಿಬಿಟ್ಟ. ಖಾನಾವಳಿಯ ನೀರೆಲ್ಲ ಮನೆಯ ಬಾವಿಯದು, ಆ ಬಾವಿ ಅನಸುಬಾಯಿಯ ಗಂಡ ತೋಡಿದ್ದು. ಖಣಿಯ ಕೆಲಸ ಮುಗಿಸಿ ಬಂದು, ಸಂಜೆ ಸಂಜೆ, ಮೂರು ವರ್ಷ, ಪದರು ಪದರು ಕಲ್ಲು ಎಬ್ಬಿಸಿ ನೀರು ಕಂಡಿದ್ದ. ಓಣಿಯ ಉಳಿದ ಬಾವಿಗಳ ನೀರು ಗಡಸು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಇದರಲ್ಲಿ ಬೇಯುತ್ತಿತ್ತು. ಅದಕ್ಕೇ ಅದರ ಹೆಸರು ಬ್ಯಾಳಿ ಬಾವಿ. ಮದುವೆ ಮನೆಯವರು ಮೂರು ಓಣಿ ದಾಟಿ ಬಂದು ಅಡುಗೆಗೆ ನೀರು ಒಯ್ಯುತ್ತಿದ್ದರು. ಎಪ್ಪತ್ತೆರಡರ ಬರದಲ್ಲೂ ಅದು ಬತ್ತಲಿಲ್ಲ. ಅವಳಿಗೆ ಗಂಡ ಬಿಟ್ಟುಹೋದ ಆಸ್ತಿ ಅದೊಂದೇ, ಅವನ ಮೇಲಿನ ಅಭಿಮಾನವೂ ಅದರಲ್ಲೇ.

"ನೀರು?" ಅನಸುಬಾಯಿಯ ದನಿ ಬಜಾರದ ಆ ತುದಿಗೆ ಮುಟ್ಟಿತು. "ನನ್ನ ಗಂಡ ಎದಿ ಒಡಕೊಂಡು ತೋಡಿದ ಬಾವಿಗಿ ಬಟ್ಟು ತೋರಸ್ತೀರೇನು? ಹೆಸರು ಹಾಜಿ, ಕೆಲಸ ದಗಲಬಾಜಿ!"

ಬಾಕಿನ ಮೇಲಿದ್ದ ಒಬ್ಬ ಕಿಸಕ್ಕನೆ ನಕ್ಕ. ಹಾಜಿಮಲಂಗನ ಬಿಳಿ ಗಡ್ಡ ನಡುಗಿದ್ದನ್ನು ಅನಸುಬಾಯಿ ನೋಡಿದಳು. ನೋಡಿಯೂ ತಿರುಗಿ ಬಂದಳು. ಪ್ರಾಸ ಕೂಡಿದ ಬೈಗುಳಕ್ಕೆ ಕಾಲು ಜಾಸ್ತಿ. ಸಂಜೆಯೊಳಗೆ ಇಡೀ ಬಜಾರ ಅದನ್ನು ಹಾಡಿತು.

ಮರುದಿನ ಅವಳು ಬಸ್ಸು ಹತ್ತಿ ಚಿತ್ತಾಪುರದ ಸಂತೆಗೆ ಹೋಗಿ ಬೇರೆ ಬೇಳೆ ತಂದಳು. ಅರಿಶಿಣ ಕೊಂಬನ್ನೇ ತಂದು ತಾನೇ ಒರಳಲ್ಲಿ ಕುಟ್ಟಿದಳು. ಕೈ ಬೊಬ್ಬೆ ಬಂತು. ಒಲೆ ಹಚ್ಚಿ, ಪಾತ್ರೆಯ ಮುಂದೆ ಕದಲದೆ ಕೂತಳು. ಬೇಳೆ ಬೇಯಲಿಲ್ಲ. ಅರಿಶಿಣ ಕೆಂಪಾಯಿತು.

ಹಾಗಾದರೆ ಹಾಜಿಮಲಂಗನದು ತಪ್ಪಿಲ್ಲ ಅಂತ ಅನ್ನಿಸಬೇಕಲ್ಲ? ಅನ್ನಿಸಲಿಲ್ಲ. ಸಂಶಯ ಮನೆಯೊಳಗೆ ಬಂತು ಅಷ್ಟೇ. ಶಿವಕಾಂತಮ್ಮ ಈ ನಡುವೆ ಯಾಕೆ ಬೇಗ ಬರುತ್ತಾಳೆ? ಸ್ಟೇಷನ್ ಹೋಟೆಲಿನವನು ಅವಳಿಗೆ ದೂರದ ಸಂಬಂಧ ಅಲ್ಲವೇ? ನೀರು ತರುವ ನೆಪ ಮಾಡಿ ಅನಸುಬಾಯಿ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು. ಶಿವಕಾಂತಮ್ಮ ಉಪ್ಪು ಹಾಕಿದಳು. ಉಪ್ಪು ಹಾಕಿದ ಮೇಲೆ ಬಾಗಿಲಿನ ಕಡೆ ತಿರುಗದೆಯೇ ಹೇಳಿದಳು:

"ಉಪ್ಪೇ ಹಾಕೀನಿ ಅಕ್ಕಾ. ಬೇಕಾದ್ರ ನೆಕ್ಕಿ ನೋಡ್ರಿ."

ಅನಸುಬಾಯಿಗೆ ಮುಖ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಭೀಮಶ್ಯಾನ ಗುಂಪು ಆ ವಾರವೇ ಸ್ಟೇಷನ್ ಹೋಟೆಲಿಗೆ ಹೋಯಿತು. ಅನಸಕ್ಕನ ಬ್ಯಾಳಿ ಬೇಯಲಿಲ್ಲ ಅಂತ ಖಣಿಯಲ್ಲಿ ಚೇಷ್ಟೆ ಹುಟ್ಟಿತಂತೆ. ನಲವತ್ತು ಎಲೆ ಹನ್ನೊಂದಕ್ಕೆ ಇಳಿಯಿತು. ಆ ಹನ್ನೊಂದರಲ್ಲಿ ಬಿಡದೆ ಬರುವವನು ಲಾರಿ ಸೂರ್ಯಕಾಂತ ಒಬ್ಬ. ಅವನು ಏನು ಹಾಕಿದರೂ ತಿನ್ನುತ್ತಿದ್ದ, ಅವನ ಊಟ ಬಿಟ್ಟಿ.

ಬಿಟ್ಟಿ ಯಾಕೆಂದರೆ, ಖಣಿ. ಅನಸುಬಾಯಿಯ ಹಿತ್ತಲಿಗೆ ಹತ್ತಿಕೊಂಡು ಹಾಳುಬಿದ್ದ ಹಳೇ ಖಣಿಯೊಂದಿತ್ತು, ಎರಡಾಳು ಆಳ. ಎರಡು ವರ್ಷದ ಹಿಂದೆ ಅವಳ ಎಮ್ಮೆ ಅದರಲ್ಲಿ ಬಿದ್ದು ಕಾಲು ಮುರಿದುಕೊಂಡು, ಮೂರು ದಿನ ಒದರಿ ಸತ್ತಿತ್ತು. ಅಂದಿನಿಂದ ಅವಳಿಗೆ ಒಂದೇ ಜಪ: ಖಣಿ ತುಂಬಬೇಕು, ಅದರ ಮೇಲೆ ತಗಡಿನ ಛಪ್ಪರ ಹಾಕಬೇಕು, ಮಂದಿ ಬಿಸಿಲಲ್ಲಿ ಕೂತು ಉಣ್ಣುವುದು ತಪ್ಪಬೇಕು. ಮೊದಲು ಮುನಸಿಪಾಲ್ಟಿಯ ಕಸದ ಗಾಡಿ ಬಂತು. ಬಜಾರದ ಹೊಲಸು, ಕೊಳೆತ ಕಾಯಿಪಲ್ಯ, ಸತ್ತ ನಾಯಿ. ಬಾವಿಯ ಪಕ್ಕದಲ್ಲಿ ಹೇಸಿಗೆ ಸುರಿಯುತ್ತೀರಾ ಎಂದು ಅವಳು ಕಸಬರಿಗೆ ತೆಗೆದುಕೊಂಡು ಗಾಡಿಯವನನ್ನು ಓಣಿಯ ತುದಿಯವರೆಗೆ ಓಡಿಸಿದಳು.

ಆಮೇಲೆ ಬೇಸಿಗೆಯಲ್ಲಿ ಊರಾಚೆಯ ಹೊಸ ಸುಣ್ಣದ ಭಟ್ಟಿಯ ಲಾರಿ ಕಂಡಿತು. ಮಾರಾಟಕ್ಕೆ ಬಾರದ ಪುಡಿ, ಅರೆಬೆಂದ ಕಲ್ಲು ಹೇರಿಕೊಂಡು ಎಲ್ಲಿ ಸುರಿಯಲಿ ಎಂದು ಸೂರ್ಯಕಾಂತ ತಿರುಗುತ್ತಿದ್ದ. ಅನಸುಬಾಯಿಯೇ ಕೈ ಮಾಡಿ ಕರೆದಳು. ಕಸ ಅಂದರೆ ಹೊಲಸು, ಸುಣ್ಣ ಅಂದರೆ ಶುಚಿ. ಹಬ್ಬಕ್ಕೆ ಗೋಡೆಗೆ ಬಳಿಯುವುದು ಸುಣ್ಣ, ಎಲೆಗೆ ಹಚ್ಚುವುದು ಸುಣ್ಣ, ಹೇಸಿಗೆ ಬಿದ್ದ ಕಡೆ ಚೆಲ್ಲುವುದು ಸುಣ್ಣ. ಅದರಿಂದೇನು ಕೇಡು? ಒಂದು ಲೋಡಿಗೆ ಒಂದು ಊಟ ಅಂತ ಮಾತಾಯಿತು. ಮಿರಗದ ಮೊದಲ ಮಳೆ ಬಿದ್ದ ದಿನ ಖಣಿಯಿಂದ ಬುಸುಬುಸು ಹಬೆ ಎದ್ದದ್ದನ್ನು ನೋಡಲಿಕ್ಕೆ ಓಣಿಯೇ ಕೂಡಿತ್ತು. "ಹುಳಾ ಹುಪ್ಪಡಿ ಎಲ್ಲಾ ಸತ್ತು ಶುದ್ಧ ಆಗ್ತದ ನೋಡ್ರಿ," ಎಂದು ಅನಸುಬಾಯಿ ಹೆಮ್ಮೆಯಿಂದ ಹೇಳಿದ್ದಳು.

ಅಮಾವಾಸ್ಯೆಯ ದಿನ ಶಿವಕಾಂತಮ್ಮನೇ ಮಾತೆತ್ತಿದಳು. ಅವಳಿಗೆ ಸಿಟ್ಟಿತ್ತು, ಆದರೂ ಈ ಒಲೆಯೇ ಅವಳಿಗೂ ಅನ್ನ. "ಮನಷ್ಯಾರ ಕೆಲ್ಸ ಅಲ್ಲಕ್ಕಾ ಇದು. ಯಾರದೋ ಕಣ್ಣು ಬಿದ್ದದ. ಒಲಿಗಿ ದೃಷ್ಟಿ ತೆಗೀರಿ. ನನ್ನ ಮ್ಯಾಲಿನ ಸಂಶೇನೂ ಅದರ ಕೂಡೇ ಇಳೀಲಿ."

ದೀಪ ಹಚ್ಚುವ ಹೊತ್ತಿಗೆ ಅನಸುಬಾಯಿ ಹಿತ್ತಾಳೆ ತಾಟು ತಿಕ್ಕಿ, ಬಾವಿಯಿಂದ ಹೊಸ ನೀರು ಸೇದಿ ಹಾಕಿದಳು. ಒಲೆಯ ಮುಂದೆ ಕೂತಳು. ದೃಷ್ಟಿ ನೀರು ಮಾಡುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ನೀರಿಗೆ ಅರಿಶಿಣ ಹಾಕಬೇಕು, ಹಳದಿಯಾಗುತ್ತದೆ. ಅದಕ್ಕೆ ಚೂರು ಸುಣ್ಣ ಕದಡಬೇಕು, ನೆತ್ತರಿನ ಹಾಗೆ ಕೆಂಪಾಗುತ್ತದೆ. ಅವಳು ಒಂದು ಚಿಟಿಕೆ ಅರಿಶಿಣ ಹಾಕಿ ಬೆರಳಾಡಿಸಿದಳು. ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದಳು. ಒಣಗಿದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ತಾಟಿನ ಕಡೆ ನೋಡಿದಳು.

ನೀರು ಆಗಲೇ ಕೆಂಪಾಗಿತ್ತು.

ಉಗುರಿನ ಸುಣ್ಣ ಉಗುರಲ್ಲೇ ಇತ್ತು. ಅನಸುಬಾಯಿ ಬೆರಳು ನೋಡಿದಳು, ತಾಟು ನೋಡಿದಳು. ಎದ್ದು ಹೋಗಿ, ಸೂರಿನ ಕೆಳಗೆ ಮಳೆನೀರು ತುಂಬಿದ್ದ ಗಡಿಗೆಯಿಂದ ಒಂದು ಬಟ್ಟಲು ತಂದು, ಅದಕ್ಕೂ ಚಿಟಿಕೆ ಅರಿಶಿಣ ಹಾಕಿದಳು. ಹಳದಿ. ಕದಡಿದಳು, ಕಾದಳು. ಹಳದಿಯೇ.

"ಏನಾತು ಅಕ್ಕಾ?" ಎಂದಳು ಶಿವಕಾಂತಮ್ಮ.

"ಏನಿಲ್ಲ. ನೀ ಮನಿಗಿ ಹೋಗು."

ಒಬ್ಬಳೇ ಹಿತ್ತಲಿಗೆ ಹೋದಳು. ಖಣಿ ಹೆಚ್ಚುಕಡಿಮೆ ಅಂಚಿನವರೆಗೆ ತುಂಬಿತ್ತು. ಮಳೆಯ ನೀರು ಬಿಳಿ ಪುಡಿಯ ಮೇಲೆ ಅಲ್ಲಲ್ಲಿ ನಿಂತು, ಹಾಲಿನ ಕೆನೆಯಂಥ ಪೊರೆ ಕಟ್ಟಿತ್ತು. ಒಂದು ಕಡೆ ನೀರು ನಿಲ್ಲದೆ ಕಲ್ಲಿನ ಪದರಿನ ಸಂದಿಗೆ ಇಳಿಯುತ್ತಿತ್ತು. ಆ ಸಂದಿ ಯಾವ ಕಡೆ ಹೋಗುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಬಾವಿ ತೋಡುವಾಗ ಗಂಡ ನೂರು ಸಲ ಹೇಳಿದ್ದ: ನೀರು ಪದರು ಹಿಡದು ಬರ್ತದ ಅನಸೂ, ಖಣಿ ಕಡಿಂದಲೇ ಬರ್ತದ.

ಅಯ್ಯೋ, ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡದ್ದು ಅಲ್ಲದೆ, ಊಟ ಹಾಕಿ ಹಾಕಿಸಿಕೊಂಡಳಲ್ಲ! ಅನಸುಬಾಯಿ ಬಾವಿಯ ಕಟ್ಟೆಗೆ ಹಣೆ ಹಚ್ಚಿ ಅತ್ತಳು. ಗಂಡ ಸತ್ತ ದಿನ ಹೀಗೆ ಅತ್ತಿರಲಿಲ್ಲ.

ಅತ್ತು ಹಗುರಾದ ಮೇಲೆ ಮತ್ತೊಂದು ಯೋಚನೆ ಬಂತು, ಬೆಕ್ಕಿನ ಹೆಜ್ಜೆ ಇಟ್ಟು ಬಂತು. ಇದು ಯಾರಿಗೆ ಗೊತ್ತು? ನಾಳೆಯಿಂದ ಕಾಗಿಣಾ ನದಿಯಿಂದ ಎರಡು ಕೊಡ ನೀರು ತರಿಸಿದರೆ ಬೇಳೆ ಬೇಯುತ್ತದೆ. ದೃಷ್ಟಿ ತೆಗೆದೆ, ಸರಿಹೋಯಿತು ಅಂದರೆ ಊರು ನಂಬುತ್ತದೆ. ಭೀಮಶ್ಯಾ ಬರುತ್ತಾನೆ. ಗಂಡನ ಬಾವಿಗೆ ಕೆಟ್ಟ ಹೆಸರಿಲ್ಲ. ಹಾಜಿಮಲಂಗನ ಹೆಸರು? ಅದು ಹೇಗೂ ಕೆಟ್ಟಾಗಿದೆ.

ಬೆಳಗಾಗುತ್ತಲೇ ಬಾವಿಯ ಗಡಗಡಿ ಸದ್ದು ಮಾಡಿತು. ಎದುರುಮನೆ ಅಮೀರ್ಬೀ ನೀರು ಸೇದುತ್ತಿದ್ದಳು. ಅವಳ ಸೊಸೆ ಹೆತ್ತು ಒಂಬತ್ತು ದಿನ.

"ಬಾಣಂತಿಗಿ ನೀರು ಅನಸಕ್ಕಾ. ಈ ಬಾವೀದೇ ಬೇಕಂತಾಳ. ಆದ್ರ ಬ್ಯಾಳಿ ನಮ್ಮ ಮನ್ಯಾಗೂ ಬೇಯ್ಲಿಲ್ಲ ನೋಡು. ನಿನ್ನ ಮಾತು ಖರೇ ಆತು. ಆ ಹಾಜಿ ಅಂಗಡಿಗಿ ಹೋಗೋದು ಓಣಿಯವ್ರೆಲ್ಲಾ ಬಿಟ್ಟೀವಿ."

ಅನಸುಬಾಯಿ ಹಗ್ಗ ಹಿಡಿದಳು. "ಇದು ಬ್ಯಾಡ ಅಮೀರ್ಬೀ. ಚೆಲ್ಲು."

"ಯಾಕ?"

"ಚೆಲ್ಲವ್ವ ಮೊದ್ಲ. ಮಧ್ಯಾಹ್ನದಾಗ ಹೇಳ್ತೀನಿ. ಯಾರಿಗೂ ಸೇದಲಿಕ್ಕ ಕೊಡಬ್ಯಾಡ."

ತಾಟು, ಬಾವಿಯ ನೀರಿನ ಒಂದು ಚಂಬು ಹಿಡಿದುಕೊಂಡು ಅವಳು ಬಜಾರಕ್ಕೆ ಹೋದಳು. ಹಾಜಿಮಲಂಗನ ಅಂಗಡಿಯ ಬಾಕು ಅರ್ಧ ಖಾಲಿ. ಇದ್ದವರಲ್ಲಿ ಬೀಡಿಗೆ ಬಂದ ಭೀಮಶ್ಯಾ ಒಬ್ಬ. ಅವಳನ್ನು ಕಂಡು ಹಾಜಿಮಲಂಗ್ ಗಾದಿಯ ಮೇಲೆ ನೆಟ್ಟಗೆ ಕೂತ. ಒಳಬಾಗಿಲಿನ ಪರದೆಯ ಹಿಂದೆ ಅವನ ಹೆಂಡತಿ ಅಖ್ತರ ಬೇಗಂ ಬಂದು ನಿಂತದ್ದು ಕಂಡಿತು.

"ಭಾಯಿ, ನಿಮ್ಮ ಅಂಗಡಿ ಅರಿಶಿಣ ಒಂದು ಚಿಟಿಕಿ ಕೊಡ್ರಿ."

ಅವನು ಕದಲಲಿಲ್ಲ. "ಮತ್ತೇನ್ ತಮಾಷಾ ಮಾಡಾಕಿ ನೀ? ಮಾಡಿದ್ದು ಸಾಲ್ಲಿಲ್ಲೇನು?"

"ಕೊಡ್ರಿ."

ಈಗ ಸಂಶಯದ ಸರದಿ ಅವನದು. ಕೊನೆಗೆ ಡಬ್ಬಿ ತೆರೆದು ಮುಂದೆ ನೂಕಿದ. ಅನಸುಬಾಯಿ ತಾಟಿಗೆ ಚಂಬಿನ ನೀರು ಸುರಿದು, ಎಲ್ಲರಿಗೂ ಕಾಣುವ ಹಾಗೆ ಅರಿಶಿಣ ಹಾಕಿದಳು. ನೀರು ಕೆಂಪೇರಿತು.

"ನೋಡ್ರೋ, ಅರಿಶಿಣದಾಗೇ ಅದ!" ಎಂದ ಬಾಕಿನ ಮೇಲಿದ್ದವನೊಬ್ಬ.

ಹಾಜಿಮಲಂಗನ ಮುಖ ಇಳಿದುಹೋಯಿತು. ಅನಸುಬಾಯಿ ಕೆಂಪು ನೀರನ್ನು ಗಟಾರಕ್ಕೆ ಚೆಲ್ಲಿ, ತಾಟನ್ನು ಸೆರಗಿನಿಂದ ಒರೆಸಿದಳು. "ಅಖ್ತರ ಭಾಬಿ, ನಿಮ್ಮ ಮನಿ ನೀರು ಒಂದು ಚಂಬು ಕೊಡ್ರಿ."

ಪರದೆಯ ಸಂದಿಯಿಂದ ಬಳೆಯ ಕೈಯೊಂದು ಚಂಬು ಚಾಚಿತು. ಅದೇ ತಾಟು, ಅದೇ ಡಬ್ಬಿಯ ಅರಿಶಿಣ. ನೀರು ಹಳದಿಯಾಯಿತು, ಹಳದಿಯಾಗಿಯೇ ಉಳಿಯಿತು. ಭೀಮಶ್ಯಾ ಬೀಡಿ ಸೇದುವುದು ಬಿಟ್ಟು ಬಗ್ಗಿ ನೋಡಿದ.

"ಮೊದ್ಲಿನ ನೀರು ಎಲ್ಲೀದು?" ಎಂದ.

"ಬ್ಯಾಳಿ ಬಾವೀದು," ಎಂದಳು ಅನಸುಬಾಯಿ. "ಸುಣ್ಣ ಇಳಿದದ ಬಾವ್ಯಾಗ. ಭಟ್ಟಿ ಪುಡಿ ತಂದು ಹಿತ್ತಲ ಖಣ್ಯಾಗ ಹಾಕಿಸಿದಾಕಿ ನಾನೇ. ಕೈಮಾಡಿ ಕರದು, ಊಟ ಹಾಕಿ ಹಾಕಿಸೀನಿ. ಭಾಯಿದು ಏನೂ ತಪ್ಪಿಲ್ಲ. ಅವ್ರು ಅವತ್ತೇ ಹೇಳಿದ್ರು, ನೀರು ನೋಡು ಅಂತ." ಹಾಜಿಮಲಂಗನ ಕಡೆ ತಿರುಗಿದಳು. "ನಾ ಆಡಿದ್ದು ಹೊಟ್ಯಾಗ ಹಾಕ್ಕೋರಿ ಭಾಯಿ."

ಹಾಜಿಮಲಂಗ್ ಅರಿಶಿಣದ ಡಬ್ಬಿಗೆ ಮುಚ್ಚಳ ಹಾಕಿ, ಒತ್ತಿ, ಅದರ ಜಾಗದಲ್ಲಿ ಇಟ್ಟ. ಆಮೇಲೆ ಭೀಮಶ್ಯಾನ ಕಡೆ ನೋಡಿ, "ನಿಮಗೇನ್ ಬೇಕ್ರಿ?" ಎಂದು ಕೇಳಿದ.

ಅನಸುಬಾಯಿ ತಾಟು ಎತ್ತಿಕೊಂಡು ಇಳಿದು ಬಂದಳು. ಬೈದಿದ್ದರೆ ಚೆನ್ನಾಗಿತ್ತು, ಆ ಬಜಾರದಲ್ಲೇ ನಿಲ್ಲಿಸಿ ಬೈದಿದ್ದರೂ ಚೆನ್ನಾಗಿತ್ತು ಎಂದುಕೊಂಡಳು.

ಮನೆಗೆ ಬಂದು ಅಮೀರ್ಬೀಗೆ ಹೇಳಿದಳು, ಶಿವಕಾಂತಮ್ಮನಿಗೆ ಹೇಳಿದಳು, ಬಾವಿಗೆ ಬಂದವರಿಗೆಲ್ಲ ಹೇಳಿದಳು. ಕೆಲವರು ಮರುಗಿದರು, ಕೆಲವರು ಕೊಡ ಕುಕ್ಕಿ ಬೈದು ಹೋದರು. ಹೊತ್ತು ನೆತ್ತಿಗೆ ಬರುವಾಗ ಲಾರಿ ಹಾರನ್ ಹಾಕಿಕೊಂಡು ಬಂತು. ಅನಸುಬಾಯಿ ಓಣಿಯ ನಡುವೆ ಕೂತಿದ್ದಳು.

ಸೂರ್ಯಕಾಂತ ಗಕ್ಕನೆ ಬ್ರೇಕ್ ಹಾಕಿದ. "ಏನವ್ವಾ, ಜೀವಾ ಬ್ಯಾಸರಾಗ್ಯದೇನು? ಇದೊಂದು ಲೋಡ್ ಬಿದ್ರ ನಿಮ್ಮ ಖಣಿ ಸಪಾಟ. ನಾಳಿಗೇ ತಗಡು ತರಸ್ರಿ."

"ಬ್ಯಾಡಪ್ಪಾ. ವಾಪಸ್ ಒಯ್ಯಿ. ಬಾವಿ ಕೆಟ್ಟದ."

ಅವನು ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ. ಕೆಟ್ಟವನಲ್ಲ ಪಾಪ, ಸುರಿಯುವುದು ಅವನ ಕೆಲಸ. "ವಾಪಸ್ ಒಯ್ದ್ರ ಭಟ್ಟ್ಯಾಗ ನನ್ನ ಒಳಗ ಬಿಡಂಗಿಲ್ಲ. ಇಲ್ಲಿ ಬ್ಯಾಡಂದ್ರ ಮತ್ತೊಂದು ಕಡಿ. ಶಹಾಬಾದದಾಗ ಖಣಿಗೇನು ಬರಾ? ಸ್ಟೇಷನ್ ಆಚಿ ಓಣ್ಯಾಗ ಮೆಹತಾಬ್ ಅಂತ ಒಬ್ಬಾಕಿ ತಿಂಗಳಿಂದ ಗಂಟು ಬಿದ್ದಾಳ, ನಮ್ಮ ಖಣೀನೂ ತುಂಬು ಅಂತ. ಅಕಿ ಆಡು ಬಿದ್ದು ಸತ್ತದಂತ."

ಅನಸುಬಾಯಿ ಎದ್ದು ನಿಂತಳು. "ಅಕಿ ಬಾವಿ ಎಲ್ಲದ?"

"ಖಣಿ ಬಾಜೂಕೇ ಅದ. ಯಾಕ?"

ಅವಳು ಒಳಗೆ ಹೋದಳು. ತಾಟು ತೆಗೆದುಕೊಂಡಳು, ತಾನು ಕುಟ್ಟಿದ ಅರಿಶಿಣ ಸೆರಗಿಗೆ ಗಂಟು ಹಾಕಿದಳು, ಬಾವಿಯಿಂದ ಒಂದು ಚಂಬು ನೀರು ಸೇದಿದಳು. ಬಂದು ಲಾರಿಯ ಆ ಕಡೆಯ ಬಾಗಿಲು ತೆಗೆದು, ಸೀರೆ ಎತ್ತಿ ಕಟ್ಟಿ, ಹತ್ತಿ ಕೂತಳು.

"ನಡಿ. ಅಕಿ ಸಂಗಟ ಮಾತಾಡ್ತೀನಿ."

"ನನ್ನ ಊಟ?"

"ಬಂದು ಉಣ್ಣುವಂತಿ. ನದಿ ನೀರಾಗ ಮಾಡಿ ಹಾಕ್ತೀನಿ."

ಬಜಾರದ ಮೂಲೆಯಲ್ಲಿ ಲಾರಿ ನಿಧಾನವಾಯಿತು. ಅಂಗಡಿಯ ಗಾದಿಯ ಮೇಲಿಂದ ಹಾಜಿಮಲಂಗ್ ನೋಡಿದ. ತಾಟು ನೋಡಿದ, ಚಂಬು ನೋಡಿದ. ಅನಸುಬಾಯಿ ಮುಖ ಆ ಕಡೆ ತಿರುಗಿಸಿದಳು. ತಿರುಗಿಸಿದವಳಿಗೆ, "ಏ ಲಾರಿ, ತಡಿ!" ಎಂಬ ಕೂಗು ಕೇಳಿತು. ಅವನು ಒಳಗೆ ಹೋದ, ಪರದೆ ಅಲುಗಿತು, ತುಂಬಿದ ಚಂಬೊಂದು ಹಿಡಿದು ಬರಿಗಾಲಲ್ಲೇ ರಸ್ತೆಗೆ ಇಳಿದು ಬಂದ. ಕಿಟಕಿಯಿಂದ ಅದನ್ನು ಅವಳ ಕೈಗೆ ಕೊಟ್ಟ.

"ಬರೇ ಕೆಂಪು ತೋರಿಸಿದ್ರ ಅಕೀಗೂ ಅರಿಶಿಣ ಮಾರಿದವನ ಮ್ಯಾಲೇ ಸಂಶೇ ಬರ್ತದ, ತಂಗಿ," ಎಂದ. "ಹಳದೀನೂ ತೋರಿಸ್ಬೇಕು."

ಅವಳು ಏನಾದರೂ ಹೇಳುವ ಮೊದಲೇ ಅವನು ಅಂಗಡಿಯ ಕಡೆ ತಿರುಗಿದ್ದ. ಲಾರಿ ಹೊರಟಿತು. ಹಿಂದೆ ಬಿಳಿ ಪುಡಿ ಸಣ್ಣಗೆ ಉದುರುತ್ತಿತ್ತು. ತೊಡೆಯ ಮೇಲೆ ಖಾಲಿ ತಾಟು, ಎಡಗೈಯಲ್ಲಿ ಬಾವಿಯ ಚಂಬು, ಬಲಗೈಯಲ್ಲಿ ಹಾಜಿಮಲಂಗನ ಮನೆಯ ಚಂಬು. ಎರಡರಲ್ಲೂ ನೀರು ಒಂದೇ ಥರ ತಿಳಿಯಾಗಿತ್ತು. ರಸ್ತೆಯ ಕುಣಿಗಳಲ್ಲಿ ಲಾರಿ ಕುಲುಕಿದಾಗಲೆಲ್ಲ ಅನಸುಬಾಯಿ ತುಳುಕದ ಹಾಗೆ ಎರಡನ್ನೂ ಎದೆಗೆ ಅವಚಿ ಹಿಡಿದುಕೊಂಡಳು.